ಕಷ್ಟದ ವೇಷಕ್ಕೆ ತಾಲೀಮು ಎಲ್ಲಿ?

ನಾಟಕ ಮಂಡಲಿಯಲ್ಲಾಗಲಿ, ಗರಡಿಯಲ್ಲಾಗಲಿ, ವಿದ್ಯಾಶಾಲೆಯಲ್ಲಾಗಲಿ, ಕಷ್ಟದ ಪಾತ್ರವೊಂದನ್ನು ಸೊಗಸಾಗಿ ನಿರ್ವಹಿಸಿದವನಿಗೆ ಹಾರ ಹಾಕಲು ಜನ ಯಾವಾಗಲೂ ಸಿದ್ಧರಾಗಿರುತ್ತಾರೆ. ಅವನು ಅದೇ ಪಾತ್ರವನ್ನು ಕೆಡಿಸುತ್ತಿದ್ದ ದಿನಗಳಲ್ಲಿ ಅವನನ್ನು ಸಹಿಸಿಕೊಂಡವರು ಯಾರೆಂದು ಕೇಳುವವರು ಮಾತ್ರ ವಿರಳ. ಆದರೆ ಅಂಥ ದಿನಗಳನ್ನು ದಾಟದೆ ಯಾವ ಕಷ್ಟದ ಪಾತ್ರವೂ ಯಾರಿಗೂ ಒಲಿದುದಿಲ್ಲ. ಕಲಿಯುವವನು ತಪ್ಪುವುದು ಅನಿವಾರ್ಯ. ಆ ತಪ್ಪಿನ ಬೆಲೆಯನ್ನು ಅವನೊಬ್ಬನೇ ತೆರುವುದೂ ಸಾಧ್ಯವಿಲ್ಲ, ಜೊತೆಯವರೂ ತೆರಬೇಕಾಗುತ್ತದೆ. ಹಾಗಾದರೆ ಆ ಹೊರೆಯನ್ನು ಹೊರತಕ್ಕವರು ಯಾರು, ಎಷ್ಟು ಕಾಲ, ಯಾವ ಕಟ್ಟುಪಾಡಿನಲ್ಲಿ? ಇದು ಹಳೆಯ ಪ್ರಶ್ನೆ. ಇಂದು ನಮ್ಮ ತರುಣ ತರುಣಿಯರು ಇದನ್ನು ತೀಕ್ಷ್ಣವಾಗಿ ಎದುರಿಸುತ್ತಿರುವ ಒಂದು ಸ್ಥಳವೆಂದರೆ ಕಂಪ್ಯೂಟರಿನ ಪರದೆ.

ಭಾನುವಾರದ ಸಾಹಿತ್ಯಪುಟದಲ್ಲಿ ಬಂದೂಕಿನ ಆಟದ ಪ್ರಸ್ತಾಪವೇ ಎಂದು ಹುಬ್ಬೇರಿಸುವ ಮಹನೀಯರು ಸ್ವಲ್ಪ ತಾಳ್ಮೆ ವಹಿಸಬೇಕೆಂದು ಪ್ರಾರ್ಥನೆ. ‘ಹೀರೋ ಶೂಟರ್’ ಎಂದು ಹೆಸರಾದ ಆಟಗಳಿಗೂ ನಮ್ಮ ಬಯಲಾಟಕ್ಕೂ ಒಂದು ಹೋಲಿಕೆಯುಂಟು. ಸಾಮಾನ್ಯವಾದ ಗುಂಡಿನಾಟದಲ್ಲಿ ಸೈನಿಕರೆಲ್ಲ ಒಂದೇ ಅಚ್ಚಿನವರು. ಕೈಗೆ ಸಿಕ್ಕ ಆಯುಧದಿಂದಲೇ ಅವರಲ್ಲಿ ವ್ಯತ್ಯಾಸ. ಹೀರೋ ಶೂಟರಿನಲ್ಲಿ ಪ್ರತಿಯೊಂದು ಪಾತ್ರಕ್ಕೂ ಒಂದು ಹೆಸರು, ಒಂದು ಊರು, ಒಂದು ಪೂರ್ವಕಥೆ, ತನ್ನದೇ ಆದ ಆಯುಧ, ಎರಡು ಮೂರು ವಿಶೇಷ ಶಕ್ತಿಗಳು, ಅವಕ್ಕೆ ಸರಿದೂಗುವ ದೌರ್ಬಲ್ಯಗಳು. 2007ರಲ್ಲಿ ಬಂದ ‘ಟೀಮ್ ಫೋರ್ಟ್ರೆಸ್ 2’ ಎಂಬ ಆಟದಲ್ಲಿ ಇಂಥ ಒಂಬತ್ತು ಪಾತ್ರಗಳಿದ್ದುವು. ಅವುಗಳಲ್ಲಿ ಗೂಢಚಾರನೊಬ್ಬನಿದ್ದಾನೆ. ಶತ್ರುವಿನ ವೇಷವನ್ನೇ ಹಾಕಿಕೊಂಡು ಶತ್ರುಗಳ ನಡುವೆ ಸುಳಿದಾಡುವ ಈ ಬಹುರೂಪಿಯನ್ನು ಆಡುವುದು ಬಹಳ ಕಷ್ಟವೆಂದು ಆ ಆಟದವರು ಹೇಳುತ್ತಾರೆ. ಬ್ಲಿಜರ್ಡ್ ಸಂಸ್ಥೆ 2016ರ ಮೇ ತಿಂಗಳಲ್ಲಿ ಹೊರತಂದ ‘ಓವರ್‌ವಾಚ್’ ಇಪ್ಪತ್ತೊಂದು ಪಾತ್ರಗಳಿಂದ ಆರಂಭವಾಯಿತು. ಈಗ ಆ ಸಂಖ್ಯೆ ನಲವತ್ತನ್ನು ದಾಟಿದೆ. ಅವರಲ್ಲಿ ಹೈದರಾಬಾದಿನ ಸತ್ಯಾ ವಾಸ್ವಾನಿ ಎಂಬಾಕೆಯೂ ಒಬ್ಬಳು. ಆಟ ಆರಂಭವಾಗುವ ಮೊದಲು ಚೌಕಿಯಲ್ಲಿ ಕುಳಿತು ವೇಷ ಕಟ್ಟಿಕೊಳ್ಳುವಂತೆ ಪಾತ್ರವನ್ನು ಆರಿಸಿಕೊಳ್ಳಬೇಕು. ಯಾವ ವೇಷವನ್ನು ಆರಿಸಿಕೊಂಡೆವು ಎಂಬುದರ ಮೇಲೆ ಇಡೀ ತಂಡದ ಯೋಗಕ್ಷೇಮ ನಿಂತಿರುತ್ತದೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹುಡುಗರಲ್ಲಿ ಬಹುಮಂದಿ ಆಡುವುದು ಕೈಫೋನಿನ ಆಟಗಳನ್ನು. ಓವರ್‌ವಾಚಿನಂಥ ಆಟಕ್ಕೆ ಒಳ್ಳೆಯ ಕಂಪ್ಯೂಟರ್ ಬೇಕು, ಅಂತರಜಾಲದ ಸಂಪರ್ಕ ನಿಲ್ಲದೆ ಇರಬೇಕು. ಆದರೂ ಲ್ಯಾಪ್‌ಟಾಪು ಇಟ್ಟುಕೊಂಡು ಓದುವ ವಿದ್ಯಾರ್ಥಿಗಳ ಕೋಣೆಗಳಿಗೆ ಅದು ಬಂದಿದೆ. ಇವನ್ನು ಹಣ ಕಟ್ಟಿ ಆಡುವ ಜೂಜಿನೊಡನೆ ಸೇರಿಸಿ ಬೈಯುವುದು ನ್ಯಾಯವಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆಯೂ ಹಣದ ಆಟಗಳನ್ನು ನಿಷೇಧಿಸಿ, ಕೌಶಲದ ಸ್ಪರ್ಧೆಯಾಗಿ ನಡೆಯುವ ಇ-ಸ್ಪೋರ್ಟ್ಸನ್ನು ಬೇರೆಯಾಗಿಯೇ ಗಣಿಸಿದೆ. ಆದುದರಿಂದ ಜೂಜಿನ ಮಾತನ್ನು ಇಲ್ಲಿಗೇ ಬಿಟ್ಟು ಮುಂದಕ್ಕೆ ಹೋಗೋಣ.

ಒಂದು ಪಾತ್ರವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಓವರ್‌ವಾಚ್ ಬಿಡುಗಡೆಯಾದ ಮೇಲೆ ಅದಕ್ಕೆ ಮೊಟ್ಟಮೊದಲು ಸೇರಿದ ಪಾತ್ರ, 2016ರ ಜುಲೈಯಲ್ಲಿ ಬಂದ ಆನಾ. ಕಥೆಯಲ್ಲಿ ಈಕೆ ಈಜಿಪ್ಟಿನವಳು, ಅರುವತ್ತರ ವೃದ್ಧೆ, ಒಂದು ಕಣ್ಣನ್ನು ಕಳೆದುಕೊಂಡವಳು, ಒಬ್ಬ ಮಗಳ ತಾಯಿ. ಗುರಿಕಾರಳಾದ ಈಕೆಯ ಬಂದೂಕಿನ ಧರ್ಮವೇ ವಿಚಿತ್ರವಾದುದು. ಶತ್ರುವಿಗೆ ತಾಗಿದರೆ ಅದು ಗಾಯ ಮಾಡುತ್ತದೆ. ಮಿತ್ರನಿಗೆ ತಾಗಿದರೆ ಗಾಯ ಮಾಯಿಸುತ್ತದೆ. ಆದುದರಿಂದ ತನ್ನವರನ್ನು ಉಳಿಸಿಕೊಳ್ಳಬೇಕಾದರೆ ಓಡುತ್ತ, ಹಾರುತ್ತ, ಮರೆಗೆ ಸರಿಯುತ್ತಿರುವ ತನ್ನವರಿಗೇ ಗುರಿಯಿಡಬೇಕು. ಇನ್ನು ವಿರಾಟಪರ್ವದ ಸಮ್ಮೋಹನಾಸ್ತ್ರವನ್ನು ನೆನಪಿಗೆ ತರುವ ಒಂದು ನಿದ್ರೆಯ ಬಾಣ ಈಕೆಯಲ್ಲುಂಟು. ತಾಗಿದ ಶತ್ರು ಕೆಲವು ಕ್ಷಣ ಮಲಗಿಬಿಡುತ್ತಾನೆ. ಆದರೆ ಯಾರಾದರೂ ಅವನಿಗೆ ಒಂದು ಪೆಟ್ಟು ಕೊಟ್ಟರೆ ತಟ್ಟನೆ ಎದ್ದು ಕೂರುತ್ತಾನೆ. ಒಮ್ಮೆ ಬಿಟ್ಟ ಬಾಣ ಮತ್ತೆ ಕೈಗೆ ಬರಲು ಹನ್ನೆರಡರಿಂದ ಹದಿನೈದು ಸೆಕೆಂಡು ಕಾಯಬೇಕು. ಈ ಅವಧಿಯನ್ನು ಆಟ ಮಾಡಿದವರು ಕಾಲಕಾಲಕ್ಕೆ ಹೆಚ್ಚು ಕಡಿಮೆ ಮಾಡಿದ್ದಾರೆ. ಅಷ್ಟು ಹೊತ್ತು ಆಕೆಯ ಆತ್ಮರಕ್ಷಣೆಯ ಬಲ ಕುಂದಿರುತ್ತದೆಂದೇ ಹೇಳಬೇಕು. ಹಾರಿ ತಪ್ಪಿಸಿಕೊಳ್ಳುವ ಶಕ್ತಿ ಅವಳಿಗಿಲ್ಲ, ಅಡ್ಡ ಹಿಡಿಯಲು ಗುರಾಣಿಯೂ ಇಲ್ಲ. ಎಲ್ಲಕ್ಕಿಂತ ಮಿಗಿಲಾದ ವಿಶೇಷವೆಂದರೆ, ಆಕೆಯ ಪರಮಶಕ್ತಿ ಆಕೆಗೇ ಉಪಯೋಗಕ್ಕೆ ಬಾರದು. ಅದನ್ನು ಇನ್ನೊಬ್ಬ ಜೊತೆಗಾರನಿಗೆ ಕೊಡಬೇಕು. ಪರಾಕ್ರಮ ಅವನದು, ಕೊಟ್ಟ ಕೈ ಮಾತ್ರ ಇವಳದು.

ಇಂಥ ಪಾತ್ರವನ್ನು ಕಲಿಯುವ ಕ್ರಮ ಹೇಗೆ? ಇದನ್ನು ಕಲಿತ ವಿದ್ಯಾರ್ಥಿನಿಯೊಬ್ಬಳಿಂದ ನಾನು ಕೇಳಿ ತಿಳಿದುಕೊಂಡದ್ದನ್ನು ಸಂಗ್ರಹಿಸಿ ಹೇಳುತ್ತೇನೆ. ಮೊದಲು ಅಭ್ಯಾಸದ ಅಂಗಳವೆಂಬುದೊಂದಿದೆ. ಅಲ್ಲಿ ಜೀವವಿಲ್ಲದ ಯಂತ್ರದ ಬೊಂಬೆಗಳು ನಡೆದಾಡುತ್ತಿರುತ್ತವೆ; ಅವಕ್ಕೆ ಗುರಿಯಿಟ್ಟು ಕೈಯನ್ನು ಪಳಗಿಸಬೇಕು. ಹೊಸಬರು ಇದೇ ಕಷ್ಟವೆಂದು ತಿಳಿಯುತ್ತಾರೆ. ವಾಸ್ತವವಾಗಿ ಇದು ಕಷ್ಟದ ಮೊದಲ ಮೆಟ್ಟಿಲು ಮಾತ್ರ. ಎರಡನೆಯದು ಎಲ್ಲಿ ನಿಲ್ಲಬೇಕೆಂಬ ಅರಿವು: ತನ್ನವರೆಲ್ಲರೂ ಕಣ್ಣಿಗೆ ಕಾಣಬೇಕು, ಶತ್ರುವಿನ ಕಣ್ಣಿಗೆ ತಾನು ಸುಲಭವಾಗಿ ಬೀಳಬಾರದು. ಮೂರನೆಯದು ಯಾವಾಗ ಸುಮ್ಮನಿರಬೇಕೆಂಬ ವಿವೇಕ. ನಿದ್ರೆಯ ಬಾಣವನ್ನು ಕಂಡವರ ಮೇಲೆಲ್ಲ ಪ್ರಯೋಗಿಸುವವಳು ಹೊಸಬಳು. ನಿಜವಾದ ಅಪಾಯ ಬರುವ ತನಕ ಬತ್ತಳಿಕೆಯಲ್ಲಿ ಉಳಿಸಿಕೊಳ್ಳುವವಳು ಬಲ್ಲವಳು. ನಾಲ್ಕನೆಯ ಪಾಠ ನನ್ನನ್ನು ಬಹಳವಾಗಿ ಯೋಚನೆಗೆ ಹಚ್ಚಿತು. ಈ ಆಟದಲ್ಲಿ ಸತ್ತವರಿಗೆ ತಮ್ಮ ಸಾವನ್ನು ಮತ್ತೊಮ್ಮೆ ತೋರಿಸಲಾಗುತ್ತದೆ, ಅದೂ ಕೊಂದವನ ಕಣ್ಣಿನಿಂದ. ‘ನಾನು ಅಡಗಿದ್ದೇನೆ ಅಂದುಕೊಂಡಿದ್ದೆ ಸಾರ್, ಅವನಿಗೆ ಪೂರ್ತಿ ಕಾಣ್ತಾ ಇದ್ದೆ’ ಎಂದು ಆಕೆ ನಕ್ಕಳು. ತನ್ನ ಸೋಲನ್ನು ಎದುರಾಳಿಯ ದೃಷ್ಟಿಯಿಂದ ನೋಡಿ ಒಪ್ಪಿಕೊಂಡು ಮತ್ತೆ ಕಣಕ್ಕೆ ಇಳಿಯುವ ಶಿಕ್ಷಣವನ್ನು ನಮ್ಮ ಎಷ್ಟು ಶಾಲೆಗಳು ಕೊಡುತ್ತಿವೆ ಎಂಬುದನ್ನು ವಾಚಕರೇ ಯೋಚಿಸಲಿ.

ಇಲ್ಲಿಯವರೆಗಿನದು ಒಬ್ಬರ ಸಾಧನೆಯ ಮಾತು. ತೊಡಕು ಆರಂಭವಾಗುವುದು ಇದರ ಮುಂದೆ. 2022ರಲ್ಲಿ ಬಂದ ‘ಓವರ್‌ವಾಚ್ 2’ರಲ್ಲಿ ತಂಡಕ್ಕೆ ಐವರು: ಮುಂದೆ ನಿಂತು ಪೆಟ್ಟು ತಿನ್ನುವವನು ಒಬ್ಬ, ಹೊಡೆಯುವವರು ಇಬ್ಬರು, ಕಾಪಾಡುವವರು ಇಬ್ಬರು. ಕಾಪಾಡಬೇಕಾದವಳ ಗುರಿ ತಪ್ಪಿದರೆ ಮುಂದೆ ನಿಂತವನು ಬೀಳುತ್ತಾನೆ. ಅವನು ಬಿದ್ದರೆ ತಂಡವೇ ಚದುರುತ್ತದೆ. ಅಂದರೆ ಆನಾ ಪಾತ್ರವನ್ನು ಕಲಿಯುವವಳ ಪ್ರತಿಯೊಂದು ತಪ್ಪಿಗೂ ನಾಲ್ವರು ದಂಡ ತೆರುತ್ತಾರೆ. ಆ ನಾಲ್ವರು ಯಾರೋ, ಎಲ್ಲಿಯವರೋ. ಮುಖ ನೋಡಿದವರಲ್ಲ, ಹೆಸರು ಬಲ್ಲವರಲ್ಲ. ಅವರು ಬೈಯುತ್ತಾರೆ. ‘ಬಾರದಿದ್ದರೆ ಈ ಪಾತ್ರ ಯಾಕೆ ತೆಗೆದುಕೊಂಡೆ? ಸುಲಭದ್ದು ತೆಗೆದುಕೋ’ ಎಂಬುದು ಆ ಬೈಗುಳಗಳಲ್ಲಿ ಸಭ್ಯವಾದುದು. ಹೆಣ್ಣು ದನಿ ಕೇಳಿದರೆ ಬೈಗುಳದ ಬಣ್ಣವೇ ಬೇರೆಯಾಗುತ್ತದೆಂದು ನಮ್ಮ ವಿದ್ಯಾರ್ಥಿನಿ ಮೈಕನ್ನು ಮುಚ್ಚಿಟ್ಟೇ ಆಡುತ್ತಿದ್ದಳು. ಮಾತಿನ ನೆರವು ಅತ್ಯಗತ್ಯವಾದ ಪಾತ್ರವನ್ನು ಆಕೆ ಮೂಕಿಯಾಗಿ ಕಲಿತಳು. ಹಲವರು ಇಷ್ಟು ಕಷ್ಟಪಡುವುದಿಲ್ಲ. ಎರಡು ದಿನ ಬೈಸಿಕೊಂಡು ಮೂರನೆಯ ದಿನ ಸುಲಭದ ಪಾತ್ರಕ್ಕೆ ಹಿಂತಿರುಗುತ್ತಾರೆ. ಹೀಗೆ ಕಷ್ಟದ ಪಾತ್ರಗಳು ಆಡುವವರಿಲ್ಲದೆ ಉಳಿಯುತ್ತವೆ, ಇಲ್ಲವೆ ಬಲ್ಲ ಕೆಲವರ ಸ್ವತ್ತಾಗುತ್ತವೆ.

ನಾಲ್ವರ ಸಿಟ್ಟಿನಲ್ಲಿ ನ್ಯಾಯವೇ ಇಲ್ಲವೆಂದು ಹೇಳಲಾಗದು. ದಿನವಿಡೀ ದುಡಿದು ಬಂದು ಅರ್ಧ ಗಂಟೆ ಆಡಲು ಕುಳಿತವನಿಗೆ ತನ್ನ ಆಟ ಕೆಡಬಾರದೆಂಬ ಹಕ್ಕುಂಟು. ಆದರೆ ಕಲಿಯುವವಳಿಗೂ ಹಕ್ಕುಂಟು. ಯಾಕೆಂದರೆ ಇಂದು ಬೈಯುತ್ತಿರುವ ಚತುರನೂ ಒಂದಾನೊಂದು ದಿನ ಇತರರ ಆಟ ಕೆಡಿಸಿಯೇ ಚತುರನಾದವನು. ಈ ಎರಡು ಹಕ್ಕುಗಳ ನಡುವಣ ಇಕ್ಕಟ್ಟನ್ನು ಆಟ ಮಾಡಿದವರು ಸ್ವಲ್ಪಮಟ್ಟಿಗೆ ಅರಿತಿದ್ದಾರೆಂಬುದು ಗಮನಾರ್ಹ. ಅಭ್ಯಾಸದ ಅಂಗಳವನ್ನು ಅವರು ಬೇರೆ ಮಾಡಿದ್ದಾರೆ. ಯಂತ್ರದ ಎದುರಾಳಿಗಳೊಡನೆ ಆಡುವ ಪಂದ್ಯಗಳಿವೆ. ಶ್ರೇಣಿಯ ಲೆಕ್ಕವಿಲ್ಲದ ಲಘು ಪಂದ್ಯಗಳಿವೆ. ಅವೆಲ್ಲ ದಾಟಿದ ಮೇಲೆ ಶ್ರೇಣಿಯ ಸ್ಪರ್ಧೆ. ಬೈಗುಳ ಅತಿಯಾದುದನ್ನು ಕಂಡು 2018ರಲ್ಲಿ ಒಳ್ಳೆಯ ಜೊತೆಗಾರನನ್ನು ಜೊತೆಗಾರರೇ ಮೆಚ್ಚಿ ಗುರುತಿಸುವ ಏರ್ಪಾಡನ್ನೂ ತಂದರು. ಇದರಿಂದ ನಾಲಗೆಗಳು ಪೂರ್ತಿ ಹಿಡಿತಕ್ಕೆ ಬಂದುವೆಂದಲ್ಲ. ಲಾಭಕ್ಕಾಗಿ ನಡೆಯುವ ಒಂದು ವ್ಯಾಪಾರಸಂಸ್ಥೆ ಕೂಡ ಕಲಿಯುವವನಿಗೆ ಒಂದು ಜಾಗ ಕಲ್ಪಿಸದೆ ಆಟ ನಡೆಯದೆಂಬುದನ್ನು ಕಂಡುಕೊಂಡಿತು, ಅಷ್ಟೆ.

ನಮ್ಮ ಹಿರಿಯರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಯಕ್ಷಗಾನದ ಪೂರ್ವರಂಗವನ್ನು ನೋಡಿರಿ. ಕೋಡಂಗಿ, ಬಾಲಗೋಪಾಲ, ಪೀಠಿಕೆಯ ಸ್ತ್ರೀವೇಷ, ಇವೆಲ್ಲ ಎಳೆಯ ಕಲಾವಿದರ ಪಾಲಿನ ವೇಷಗಳು. ಪ್ರಸಂಗ ಇನ್ನೂ ಆರಂಭವಾಗಿರುವುದಿಲ್ಲ. ಸಭೆ ಇನ್ನೂ ಕೂಡುತ್ತಿರುತ್ತದೆ. ಹುಡುಗನ ಹೆಜ್ಜೆ ತಪ್ಪಿದರೂ ಕಥೆಗೆ ಕುಂದಿಲ್ಲ. ನಿಜವಾದ ರಂಗ, ನಿಜವಾದ ಚಂಡೆಮದ್ದಳೆ, ನಿಜವಾದ ಜನ. ತಪ್ಪಿನ ಬೆಲೆ ಮಾತ್ರ ಅಗ್ಗ. ಕಲಿಕೆಗೆ ಇದಕ್ಕಿಂತ ಜಾಣತನದ ಏರ್ಪಾಡು ಬೇರೆ ಬೇಕೆ? ಅಲ್ಲಿಂದ ಒಂದೊಂದೇ ಮೆಟ್ಟಿಲು ಏರಿ ಆತ ಪುಂಡುವೇಷಕ್ಕೋ ಎದುರುವೇಷಕ್ಕೋ ಬರುತ್ತಾನೆ. ಕುಮಾರವ್ಯಾಸನನ್ನು ಓದಿದವರು ಉತ್ತರಕುಮಾರನ ಕಥೆಯನ್ನೂ ಈ ದೃಷ್ಟಿಯಿಂದ ನೋಡಬಹುದು. ಉತ್ತರನ ಪೌರುಷ ಒಲೆಯ ಮುಂದೆ ಎಂದು ನಾವು ನಗುತ್ತೇವೆ. ಆದರೆ ಕೌರವಸೇನೆಯನ್ನು ಕಂಡು ರಥದಿಂದ ಹಾರಿ ಓಡಿದ ಆ ಹುಡುಗನನ್ನು ಹಿಡಿದು ತಂದ ಬೃಹನ್ನಳೆ ಅವನನ್ನು ಅರಮನೆಗೆ ಅಟ್ಟಲಿಲ್ಲ. ನೀನು ಸಾರಥಿಯಾಗು, ಯುದ್ಧ ನನಗಿರಲಿ ಎಂದು ಅದೇ ರಣದಲ್ಲಿ ಅವನ ಕೈಲಾಗುವ ಪಾತ್ರವನ್ನು ಕೊಟ್ಟ. ಹೊಸಬನನ್ನು ಕಣದಿಂದ ಹೊರಗಿಡದೆ, ಕಣವನ್ನು ಅವನಿಗೆ ಒಪ್ಪಿಸಿಯೂ ಬಿಡದೆ, ಜೊತೆಗೆ ನಿಲ್ಲಿಸಿಕೊಂಡು ಕಲಿಸುವ ಮಾರ್ಗ ಅದು.

‘ತಾಲೀಮು’ ಎಂಬ ಶಬ್ದವನ್ನೇ ಪರಿಶೀಲಿಸಿದರೆ ಇನ್ನೂ ಒಂದು ಸಂಗತಿ ಹೊಳೆಯುತ್ತದೆ. ಅರಬ್ಬಿಯಿಂದ ಉರ್ದುವಿನ ಮೂಲಕ ನಮಗೆ ಬಂದ ಈ ಶಬ್ದಕ್ಕೆ ಮೂಲದಲ್ಲಿ ಶಿಕ್ಷಣ, ಬೋಧನೆ ಎಂದೇ ಅರ್ಥ. ಕನ್ನಡದಲ್ಲಿ ಅದು ಗರಡಿಯ ಸಾಧನೆಗೂ ನಾಟಕದ ಪೂರ್ವಾಭ್ಯಾಸಕ್ಕೂ ಸೀಮಿತವಾಗಿ, ಶಾಲೆಗೆ ‘ಶಿಕ್ಷಣ’ ಎಂಬ ಬೇರೊಂದು ಶಬ್ದ ಉಳಿಯಿತು. ಶಬ್ದ ಬೇರೆಯಾದಂತೆ ವಸ್ತುವೂ ಬೇರೆಯಾಯಿತೆಂದು ತೋರುತ್ತದೆ. ಗರಡಿಯಲ್ಲಿ, ರಂಗದಲ್ಲಿ ತಾಲೀಮು ಉಳಿಯಿತು. ಶಾಲೆಯಲ್ಲಿ ಪರೀಕ್ಷೆ ಉಳಿಯಿತು.

ತಾಲೀಮಿನ ಮಹತ್ವವನ್ನು ಕಾಣಬೇಕಾದರೆ ನಮ್ಮ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1987ರಲ್ಲಿ ಶ್ರೀ ಶಿವಕುಮಾರ ಕಲಾಸಂಘವನ್ನು ಕಟ್ಟಿದರು. 1997ರಲ್ಲಿ ಶಿವಸಂಚಾರವೆಂಬ ತಿರುಗಾಟದ ರಂಗತಂಡ ಆರಂಭವಾಯಿತು. 2008ರಲ್ಲಿ ರಂಗಶಿಕ್ಷಣದ ಶಾಲೆಯೂ ತೆರೆಯಿತು. ವರ್ಷಕ್ಕೆ ಮೂರು ನಾಟಕಗಳನ್ನು ಸಿದ್ಧಮಾಡಿಕೊಂಡು ಊರೂರಿಗೆ ಹೋಗಿ ಆಡುವುದು ಶಿವಸಂಚಾರದ ಪದ್ಧತಿ. ಇಂಥ ತಂಡದಲ್ಲಿ ಇಂದು ರಾಜನಾದವನು ನಾಳೆ ಭಟನಾಗುತ್ತಾನೆ, ನಾಡಿದ್ದು ಮೇಳದಲ್ಲಿ ನಿಂತು ಹಾಡುತ್ತಾನೆ. ಹಳ್ಳಿಯಿಂದ ಬಂದ ಹುಡುಗ ಹುಡುಗಿಯರು ತಿಂಗಳುಗಟ್ಟಲೆ ಒಂದೇ ಮಾತನ್ನು ನೂರು ಸಲ ತಪ್ಪಾಗಿ ಹೇಳಿ, ನೂರೊಂದನೆಯ ಸಲ ಸರಿಯಾಗಿ ಹೇಳಲು ಅಲ್ಲಿ ಅವಕಾಶವುಂಟು. ಪ್ರೇಕ್ಷಕರು ನೋಡುವುದು ನೂರೊಂದನೆಯದನ್ನು ಮಾತ್ರ. ನೂರನ್ನು ಸಹಿಸಿದವರು ತಾಲೀಮಿನ ಕೋಣೆಯ ನಾಲ್ಕು ಜನ.

ಚಿತ್ರದುರ್ಗದ ಕೋಟೆಗೆ ಬಂದ ಯಾತ್ರಿಕರೆಲ್ಲ ನೋಡಿ ಹೋಗುವ ಓಬವ್ವನ ಕಿಂಡಿಯಿಂದಲೂ ಇದೇ ಮಾತು ಹೊರಡುತ್ತದೆ. ಹೈದರಾಲಿಯ ದಂಡು ದುರ್ಗಕ್ಕೆ ಮುತ್ತಿಗೆ ಹಾಕಿದ್ದಾಗ, ಗಂಡ ಊಟಕ್ಕೆ ಕುಳಿತಿದ್ದ ಹೊತ್ತಿನಲ್ಲಿ, ಕಿಂಡಿಯಿಂದ ಒಬ್ಬೊಬ್ಬನಾಗಿ ನುಸುಳಿದ ಭಟರನ್ನು ಆಕೆ ಒನಕೆಯಿಂದ ಹೊಡೆದು ಕೆಡವಿದಳೆಂಬುದು ಐತಿಹ್ಯ. ಇದನ್ನು ನಾವು ಧೈರ್ಯದ ಕಥೆಯೆಂದು ಮಕ್ಕಳಿಗೆ ಹೇಳುತ್ತೇವೆ, ಅದು ಸರಿಯೆ. ಆದರೆ ಧೈರ್ಯದ ಹಿಂದೆ ಇನ್ನೊಂದಿದೆ. ಒನಕೆ ಆಕೆಗೆ ಅಂದು ಮೊದಲ ಸಲ ಸಿಕ್ಕ ಆಯುಧವಾಗಿರಲಿಲ್ಲ; ದಿನವೂ ಧಾನ್ಯ ಕುಟ್ಟಿ ಪಳಗಿದ ತೋಳು ಅದನ್ನು ಎತ್ತಿತು. ಆ ಬಂಡೆಯ ಸಂದು, ಆ ನೀರಿನ ದಾರಿ ಆಕೆಯ ದಿನದ ನಡೆದಾಟದ ಜಾಗಗಳು. ವೀರಗಳಿಗೆ ಎಂಬುದು ಒಂದೇ ಕ್ಷಣದ್ದು. ಅದಕ್ಕೆ ಮೊದಲಿನ ತಾಲೀಮು ವರ್ಷಗಳದ್ದು.

1972ರಲ್ಲಿ ಇದೇ ಓಬವ್ವನ ಪಾತ್ರವನ್ನು ಜಯಂತಿಯವರು ಧರಿಸಿದ ‘ನಾಗರಹಾವು’ ಚಿತ್ರ ನಮ್ಮೂರ ಬಂಡೆಗಳ ನಡುವೆಯೇ ರೂಪುಗೊಂಡಿತು. ತಳುಕಿನ ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ಆ ಚಿತ್ರದಲ್ಲಿ ರಾಮಾಚಾರಿಯ ಪಾತ್ರ ಸುಲಭವಾದುದಲ್ಲ. ಸಿಟ್ಟು, ಮುಗ್ಧತೆ, ಗುರುಭಕ್ತಿ, ಹಟ ಎಲ್ಲವೂ ಒಂದೇ ಎದೆಯಲ್ಲಿ ಕುದಿಯುವ ಪಾತ್ರ ಅದು. ಹೆಸರಾಂತ ನಟರು ಬೇಕಾದಷ್ಟು ಮಂದಿ ಇದ್ದಾಗಲೂ ನಿರ್ದೇಶಕರು ಅದನ್ನು ವಿಷ್ಣುವರ್ಧನ್ ಎಂಬ ಹೊಸಬರಿಗೆ ಕೊಟ್ಟರು; ಜಲೀಲನ ಪಾತ್ರವನ್ನು ಅಂಬರೀಷ್ ಎಂಬ ಮತ್ತೊಬ್ಬ ಹೊಸಬರಿಗೆ ಕೊಟ್ಟರು. ಕೆಟ್ಟರೆ ಕೆಡುತ್ತಿದ್ದುದು ನಿರ್ದೇಶಕರ ಹೆಸರು, ನಿರ್ಮಾಪಕರ ಹಣ. ಆ ಹೊರೆಯನ್ನು ಹೊರಲು ಹಿರಿಯರು ಒಪ್ಪಿದ್ದರಿಂದ ಕನ್ನಡ ಚಿತ್ರರಂಗ ಇಬ್ಬರು ನಾಯಕರನ್ನು ಪಡೆಯಿತು.

ಇನ್ನು ನನಗೆ ಹತ್ತಿರವಾದ ಕ್ಷೇತ್ರಕ್ಕೆ ಬರುತ್ತೇನೆ. ಕನ್ನಡದ ವಿದ್ಯಾರ್ಥಿಗೆ ಕಷ್ಟದ ಪಾತ್ರವೆಂದರೆ ಹಳಗನ್ನಡ. ಪಂಪನ ಒಂದು ವೃತ್ತವನ್ನು, ರನ್ನನ ಒಂದು ಕಂದವನ್ನು ತಪ್ಪಿಲ್ಲದೆ ಗಟ್ಟಿಯಾಗಿ ಓದುವುದು ಆನಾಳ ಬಂದೂಕನ್ನು ಹಿಡಿಯುವುದಕ್ಕಿಂತ ಸುಲಭವಲ್ಲ. ಪದ ಎಲ್ಲಿ ಒಡೆಯುತ್ತದೆ, ಯತಿ ಎಲ್ಲಿ, ಇದು ಶಕಟರೇಫವೋ ಸಾಮಾನ್ಯ ರಕಾರವೋ, ಈ ‘ಅಂ’ ದ್ವಿತೀಯೆಯೋ ಪ್ರಥಮೆಯೋ, ಎಲ್ಲವನ್ನೂ ನಾಲಗೆ ಓಡುತ್ತಿರುವಾಗಲೇ ನಿರ್ಧರಿಸಬೇಕು. ಹಳ್ಳಿಯಿಂದ ಬಂದ ಹುಡುಗಿ, ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲನೆಯವಳು, ಅರುವತ್ತು ಜನರ ಎದುರಿಗೆ ಎದ್ದು ನಿಂತು ಒಂದು ಪಾದ ಓದುತ್ತಾಳೆ. ಎರಡನೆಯ ಪಾದದಲ್ಲಿ ಎಡವುತ್ತಾಳೆ. ಹಿಂದಿನ ಬೆಂಚು ನಗುತ್ತದೆ. ಅಧ್ಯಾಪಕನಿಗೆ ಸೆಮಿಸ್ಟರು ಮುಗಿಯುವುದರೊಳಗೆ ಪಾಠ ಮುಗಿಯಬೇಕು. ‘ಕೂತ್ಕೋಮ್ಮ’ ಎಂದು ಅವನೇ ಓದಿ, ಅರ್ಥ ಹೇಳಿ, ಮುಂದಕ್ಕೆ ಹೋಗುತ್ತಾನೆ. ಆಕೆ ಕುಳಿತಳು, ಮತ್ತೆ ಏಳುವುದಿಲ್ಲ. ಪರೀಕ್ಷೆಯ ಹೊತ್ತಿಗೆ ಗೈಡು ಇದೆ, ಹೊಸಗನ್ನಡದ ಸಾರಾಂಶ ಇದೆ, ಉತ್ತೀರ್ಣಳಾಗುವುದಕ್ಕೆ ಅಡ್ಡಿಯಿಲ್ಲ. ಪದವಿ ಸಿಕ್ಕಿತು, ಪಂಪ ಸಿಕ್ಕಲಿಲ್ಲ.

ನಮ್ಮ ಹಿರಿಯ ಅಧ್ಯಾಪಕರಲ್ಲಿ ಒಂದು ಮಾತು ರೂಢಿಯಾಗಿದೆ: ಈಗಿನ ಮಕ್ಕಳಿಗೆ ತಾಳ್ಮೆಯಿಲ್ಲ, ಕಷ್ಟದ ಕಡೆಗೆ ಮುಖ ಹಾಕುವುದಿಲ್ಲ ಎಂದು. ಈ ಮಾತನ್ನು ನಾನು ಒಪ್ಪಲಾರೆ. ಅದೇ ಮಕ್ಕಳು ಒಲಿಯದ ಪಾತ್ರವೊಂದಕ್ಕಾಗಿ ರಾತ್ರಿಗಳನ್ನು ಕಳೆಯುತ್ತಾರೆ, ಅಪರಿಚಿತರ ಬೈಗುಳ ತಿನ್ನುತ್ತಾರೆ, ತಮ್ಮ ಸೋಲನ್ನು ತಾವೇ ಮತ್ತೆ ಮತ್ತೆ ನೋಡಿ ತಿದ್ದಿಕೊಳ್ಳುತ್ತಾರೆ. ತಾಳ್ಮೆ ಇಲ್ಲದವರು ಮಾಡುವ ಕೆಲಸವೆ ಇದು? ಅಭ್ಯಾಸದ ಅಂಗಳ ಆಟದಲ್ಲಿದೆ, ತರಗತಿಯಲ್ಲಿಲ್ಲ. ಆಟದಲ್ಲಿ ನೂರು ಸಲ ಸತ್ತು ಏಳಬಹುದು. ತರಗತಿಯಲ್ಲಿ ಒಂದು ಸಲ ಎಡವಿದರೆ ಕೂರಬೇಕು. ಕಾವ್ಯಹೇತುಗಳನ್ನು ಹೇಳುವಾಗ ನಮ್ಮ ಆಲಂಕಾರಿಕರು ಪ್ರತಿಭೆ, ವ್ಯುತ್ಪತ್ತಿಗಳ ಜೊತೆಗೆ ಅಭ್ಯಾಸವನ್ನೂ ಎಣಿಸಿದರು. ಮಮ್ಮಟನಂತೂ ಬರಿಯ ಅಭ್ಯಾಸವೆನ್ನದೆ, ಕಾವ್ಯವನ್ನು ಬಲ್ಲವರ ಶಿಕ್ಷಣದಲ್ಲಿ ನಡೆಯುವ ಅಭ್ಯಾಸವೆಂದ. ಈ ಸೂತ್ರವನ್ನು ನಾವು ಬೋಧಿಸುತ್ತೇವೆ, ಅದರ ಮೇಲೆ ಪ್ರಶ್ನೆಯನ್ನೂ ಕೇಳುತ್ತೇವೆ. ಅದಕ್ಕೆ ವೇಳಾಪಟ್ಟಿಯಲ್ಲಿ ಒಂದು ಗಂಟೆಯನ್ನು ಮಾತ್ರ ಕೊಟ್ಟಿಲ್ಲ.

ಹಾಗೆಂದ ಮಾತ್ರಕ್ಕೆ ಆಟವೇ ಗುರುಕುಲವೆಂದು ಸಾರುವುದು ನನ್ನ ಉದ್ದೇಶವಲ್ಲ. ಅದರ ವಿರುದ್ಧ ಹೇಳತಕ್ಕ ಮಾತುಗಳು ಗಟ್ಟಿಯಾದುವು. ಮೊದಲನೆಯದಾಗಿ, ಎಷ್ಟೇ ಬಣ್ಣ ಹಚ್ಚಿದರೂ ಅದು ಹೊಡೆದು ಕೊಲ್ಲುವ ಆಟ. ಅದು ನುಂಗುವ ಹೊತ್ತು ನಿದ್ದೆಯದು, ಓದಿನದು. ಎರಡನೆಯದಾಗಿ, ಅಲ್ಲಿ ಕಲಿತ ವಿದ್ಯೆಯ ಒಡೆತನ ಕಲಿತವನದಲ್ಲ. ‘ಅಪೆಕ್ಸ್ ಲೆಜೆಂಡ್ಸ್ ಮೊಬೈಲ್’ ಎಂಬ ಕೈಫೋನಿನ ಹೀರೋ ಶೂಟರನ್ನು ಮೊದಲು ಪ್ರಯೋಗಾರ್ಥವಾಗಿ ಆಡಿಸಿ ನೋಡಿದ ದೇಶಗಳಲ್ಲಿ ಭಾರತವೂ ಒಂದು. ಅದು 2022ರ ಮೇ ತಿಂಗಳಲ್ಲಿ ಲೋಕಕ್ಕೆಲ್ಲ ತೆರೆಯಿತು; 2023ರ ಮೇ 1ರಂದು ಮುಚ್ಚಿತು. ಸೋನಿ ಸಂಸ್ಥೆಯ ‘ಕಾಂಕಾರ್ಡ್’ 2024ರ ಆಗಸ್ಟ್ 23ರಂದು ಹೊರಬಂದು, ಸೆಪ್ಟೆಂಬರ್ 6ರಂದು ಕಣ್ಮರೆಯಾಯಿತು. ಅದರ ವೀರರ ಆಯುಷ್ಯ ಎರಡು ವಾರ. ಕೀಲಿಕೈ ಇರುವವನು ಬಾಗಿಲು ಹಾಕಿಕೊಂಡು ಹೋದರೆ, ಕಲಿತವನ ಕೈಯಲ್ಲಿ ಉಳಿಯುವುದೇನು? ಪಂಪಭಾರತಕ್ಕೆ ಸಾವಿರ ವರ್ಷ ದಾಟಿದೆ. ಅದನ್ನು ಯಾರೂ ಮುಚ್ಚಲಾರರು, ಓದುವವರು ಇಲ್ಲದೆಹೋಗುವುದನ್ನು ಬಿಟ್ಟರೆ.

ಆಟದಲ್ಲಿ ಕಲಿತ ತಾಳ್ಮೆ ತಾನಾಗಿಯೇ ಕಾವ್ಯಕ್ಕೆ ದಾಟಿ ಬರುತ್ತದೆಂಬ ಭರವಸೆಯನ್ನೂ ನಾನು ಕೊಡಲಾರೆ. ದಾಟಿಸುವವರು ಬೇಕು. ಆದುದರಿಂದ ಕನ್ನಡ ಕಲಿಸುವ ನನ್ನ ಸಹೋದ್ಯೋಗಿಗಳ ಮುಂದೆ ಒಂದು ಸಣ್ಣ ಸಲಹೆ. ವಾರಕ್ಕೆ ಒಂದು ಗಂಟೆಯನ್ನು ತಾಲೀಮಿನ ಗಂಟೆಯೆಂದು ಬೇರೆ ಇಡೋಣ. ಆ ಗಂಟೆಗೆ ಹಾಜರಿಯುಂಟು, ಅಂಕವಿಲ್ಲ. ತರಗತಿಯನ್ನು ಐದೈದು ಜನರ ಗುಂಪಾಗಿ ಮಾಡಿ, ಒಂದೊಂದು ಗುಂಪಿಗೆ ನಾಲ್ಕೇ ಪದ್ಯ ಕೊಡೋಣ. ಒಬ್ಬರು ಓದುವವರು, ಒಬ್ಬರು ಪದ ಬಿಡಿಸುವವರು, ಒಬ್ಬರು ನಿಘಂಟು ನೋಡುವವರು, ಒಬ್ಬರು ಅನ್ವಯ ಹೇಳುವವರು, ಒಬ್ಬರು ಸಂಶಯ ಕೇಳುವವರು. ಮುಂದಿನ ವಾರ ಪಾತ್ರಗಳು ಬದಲಾಗಲಿ. ಓದುವ ಪಾತ್ರದಿಂದ ಯಾರೂ ತಪ್ಪಿಸಿಕೊಳ್ಳಕೂಡದು. ಎಡವಿದರೆ ನಾಲ್ವರ ಎದುರಿಗೆ ಎಡವಿದಂತಾಯಿತು, ಅರುವತ್ತು ಜನರ ಎದುರಿಗಲ್ಲ. ತಿದ್ದುವವರು ನಾಳೆ ತಾವೂ ಎಡವತಕ್ಕವರಾದ್ದರಿಂದ ನಗುವ ಮೊದಲು ಯೋಚಿಸುತ್ತಾರೆ. ತಿಂಗಳಿಗೊಮ್ಮೆ ಗುಂಪು ತನ್ನ ಓದನ್ನು ಫೋನಿನಲ್ಲಿ ಮುದ್ರಿಸಿಕೊಂಡು ತಾನೇ ಕೇಳಲಿ. ಕೊಂದವನ ಕಣ್ಣಿನಿಂದ ತನ್ನ ಸಾವನ್ನು ನೋಡುವ ಮಕ್ಕಳು ಕೇಳುವವನ ಕಿವಿಯಿಂದ ತಮ್ಮ ಓದನ್ನು ಕೇಳಲು ಹೆದರಲಾರರು. ಇದಕ್ಕೆ ಹೊಸ ಕಟ್ಟಡ ಬೇಡ, ಅನುದಾನ ಬೇಡ, ಸುತ್ತೋಲೆಯೂ ಬೇಡ.

ಕಲಿಯುವವರ ಮೇಲೂ ಋಣವುಂಟು. ಕಷ್ಟದ ಪಾತ್ರವನ್ನು ಆರಿಸಿಕೊಳ್ಳುವ ಹಕ್ಕು ಸಿದ್ಧತೆಯಿಲ್ಲದೆ ಕಣಕ್ಕಿಳಿಯುವ ಹಕ್ಕಲ್ಲ. ಅಂಗಳದಲ್ಲಿ ಮಾಡತಕ್ಕ ಅಭ್ಯಾಸವನ್ನು ಅಂಗಳದಲ್ಲೇ ಮಾಡಿ ಬರಬೇಕು. ಬೊಂಬೆಗೆ ತಗುಲದ ಗುರಿಯನ್ನು ಜೊತೆಗಾರರ ಜೀವದ ಮೇಲೆ ಪರೀಕ್ಷಿಸಕೂಡದು. ನಾನು ಹೊಸಬ, ಕಲಿಯುತ್ತಿದ್ದೇನೆ ಎಂದು ಮೊದಲೇ ಹೇಳುವ ಪ್ರಾಮಾಣಿಕತೆ ಬೇಕು. ಸೋತಾಗ ಪಾತ್ರವನ್ನೋ ಜೊತೆಯವರನ್ನೋ ದೂರದೆ, ನಿಂತ ಜಾಗ ಸರಿಯಿತ್ತೇ ಎಂದು ನೋಡಿಕೊಳ್ಳಬೇಕು. ಕೊನೆಯದಾಗಿ, ಕಲಿತು ಮುಗಿದ ಮೇಲೆ ಹಿಂದೆ ಬರುವ ಹೊಸಬನನ್ನು ಸಹಿಸಬೇಕು. ತಾನು ಪಡೆದ ಸಹನೆಯನ್ನು ಹಿಂತಿರುಗಿಸಲು ಅದೊಂದೇ ದಾರಿ. ಸಾಲ ಕೊಟ್ಟವರಿಗೇ ತೀರಿಸಲಾಗದ, ಮುಂದಿನವರಿಗೆ ತೀರಿಸಬೇಕಾದ ಋಣ ಅದು.

ಈಗ ಇದ್ದಂತೆಯೇ ನಡೆದರೆ ಪರಿಣಾಮವೇನೆಂದು ಊಹಿಸುವುದು ಕಷ್ಟವಲ್ಲ. ಸುಲಭದ ಪಾತ್ರಗಳಿಗೆ ನೂಕುನುಗ್ಗಲು, ಕಷ್ಟದ ಪಾತ್ರಗಳಿಗೆ ಖಾಲಿ ರಂಗ. ಹಳಗನ್ನಡ ಓದಬಲ್ಲವರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಾರೆ. ಅವರ ಜಾಗಕ್ಕೆ ಬರುವವರು ಗೈಡು ಓದಿ ಗೈಡಿನ ಪಾಠ ಹೇಳುತ್ತಾರೆ. ಆಮೇಲೆ ಒಂದು ದಿನ, ಪಂಪನನ್ನು ಓದುವುದು ಯಾರಿಂದಲೂ ಆಗದ ಕೆಲಸವೆಂದು ಪಠ್ಯದಿಂದ ಸದ್ದಿಲ್ಲದೆ ಕೈಬಿಡಲಾಗುತ್ತದೆ. ಅದಕ್ಕೆ 'ಮಕ್ಕಳಿಗೆ ತಾಳ್ಮೆಯಿಲ್ಲ' ಎಂಬ ಕಾರಣವನ್ನು ಯಾರೂ ಬರೆಯದಿರಲಿ. ಮಕ್ಕಳಲ್ಲಿ ಇರುವ ತಾಳ್ಮೆಯನ್ನು ನಾವು ನೋಡಿದ್ದೇವೆ. ಎಡವಿದ ಹುಡುಗಿಯನ್ನು ‘ಕೂತ್ಕೋಮ್ಮ’ ಎನ್ನದೆ ‘ಇನ್ನೊಂದು ಸಲ ಓದಮ್ಮ’ ಎಂದು ಹೇಳುವಷ್ಟು ತಾಳ್ಮೆ ನಮ್ಮಲ್ಲಿ ಇದೆಯೇ ಎಂಬುದು ಇನ್ನು ತೋರಬೇಕಾಗಿದೆ.